ದಿಢೀರ್ ಅಂತ ಮುಂಬೈಗೆ ಹೋದರೆ ಮೊದಲ ದಿನ ಏನು ನೋಡಬೇಕು?

"ನಾಳೆ ರಾತ್ರಿ ಬಸ್ಸಿಗೆ ಮುಂಬೈಗೆ ಹೊರಟಿದ್ದೇವೆ. ಏನೂ ಪ್ಲಾನ್ ಮಾಡಿಲ್ಲ. ಮೊದಲ ದಿನ ಏನೇನು ನೋಡೋಣ?"

ವರ್ಷಕ್ಕೆ ನಾಲ್ಕೈದು ಸಲವಾದರೂ ನನಗೆ ಈ ಫೋನ್ ಬರುತ್ತದೆ. ಹುಬ್ಬಳ್ಳಿಯಲ್ಲಿ ಸಂಜೆ ಬಸ್ ಹತ್ತಿದರೆ ಬೆಳಗ್ಗೆ ದಾದರ್ ಅಲ್ವಾ? ಹಾಗಾಗಿ ನಮ್ಮ ಕಡೆಯವರು ಶುಕ್ರವಾರ ಮಾತಾಡಿಕೊಂಡು ಶನಿವಾರ ಹೊರಟೇಬಿಡುತ್ತಾರೆ.

ನನ್ನ ಉತ್ತರ ಯಾವಾಗಲೂ ಒಂದೇ. ಮೊದಲ ದಿನ ಟ್ಯಾಕ್ಸಿ ಬೇಡ. ಲೋಕಲ್ ರೈಲು ಹತ್ತಿ ಸಿಎಸ್‌ಎಂಟಿಯಲ್ಲಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಸ್ಟೇಷನ್ನಿನಲ್ಲಿ ಇಳಿಯಿರಿ. ಅಲ್ಲಿಂದ ಸಮುದ್ರದ ದಡದ ರಸ್ತೆ ಮರೀನ್ ಡ್ರೈವ್ ತನಕ ನಡೆಯಿರಿ.

ಯಾಕೆ ಅಂತ ಹೇಳುತ್ತೇನೆ. ನಾನು, ಅಮ್ಮ ಮೊದಲ ಸಲ ಹೋದದ್ದೂ ಹೀಗೇ, ಇದ್ದಕ್ಕಿದ್ದ ಹಾಗೆ. ಬಸ್ಸಿನಲ್ಲೇ ಕೂತು ಪಟ್ಟಿ ಬರೆದೆವು. ಸಿದ್ಧಿವಿನಾಯಕ ದೇವಸ್ಥಾನ, ಹಾಜಿ ಅಲಿ ದರ್ಗಾ, ಜುಹು ಬೀಚ್, ಗೇಟ್‌ವೇ ಆಫ್ ಇಂಡಿಯಾ. ಹಾಜಿ ಅಲಿಗೆ ಹೋದಾಗ ಸಮುದ್ರ ಉಬ್ಬಿತ್ತು. ದರ್ಗಾಕ್ಕೆ ಹೋಗುವ ದಾರಿ ಉಬ್ಬರದ ಹೊತ್ತಿನಲ್ಲಿ ನೀರೊಳಗೆ ಹೋಗುತ್ತದೆ, ಅದು ನಮಗೆ ಗೊತ್ತಿರಲಿಲ್ಲ. ದಡದಲ್ಲೇ ನಿಂತು ಕೈ ಮುಗಿದೆವು. ಜುಹುಗೆ ಹೋಗಿ ಮತ್ತೆ ದಕ್ಷಿಣಕ್ಕೆ ಬರುವಷ್ಟರಲ್ಲಿ ಅರ್ಧ ದಿನ ಟ್ರಾಫಿಕ್ಕಿನಲ್ಲೇ ಕಳೆಯಿತು. ಗೇಟ್‌ವೇ ಮುಟ್ಟಿದಾಗ ಕತ್ತಲೆ. ರಾತ್ರಿ ರೂಮಿನಲ್ಲಿ ಅಮ್ಮ ಕಾಲು ನೀವಿಕೊಳ್ಳುತ್ತಾ ಕೇಳಿದಳು: "ಅಲ್ಲಾ, ಈ ಊರಾಗ ಸಮುದ್ರ ಯಾವ ಕಡೆ ಐತಿ?"

ನನಗೆ ಹೇಳಲು ಬರಲಿಲ್ಲ. ಹಾಜಿ ಅಲಿಯಲ್ಲಿ ಸಮುದ್ರ ಪಶ್ಚಿಮಕ್ಕಿದೆ, ಗೇಟ್‌ವೇಯಲ್ಲಿ ಪೂರ್ವಕ್ಕಿದೆ. ಕಾರಿನ ಕಿಟಕಿಯಿಂದ ನೋಡುತ್ತಾ ಓಡಾಡಿದವರಿಗೆ ಅದು ತಿಳಿಯೋದು ಹೇಗೆ?

ಎರಡನೇ ಸಲ ಹೋದದ್ದು ಒಂದು ಭಾನುವಾರ. ಇದು ತುಂಬಾ ಒಳ್ಳೆಯ ದಿನ. ಆಫೀಸುಗಳಿಗೆ ರಜೆ, ಹಾಗಾಗಿ ಸಿಎಸ್‌ಎಂಟಿ ಸುತ್ತಲಿನ ಫೋರ್ಟ್ ಕಡೆಯ ರಸ್ತೆಗಳು ಖಾಲಿ. ಬೆಳಗಿನ ಲೋಕಲ್‌ನಲ್ಲಿ ಕೂರಲು ಜಾಗವೂ ಸಿಗುತ್ತದೆ. ಒಂದು ಮಾತ್ರ ನೆನಪಿಡಿ. ಭಾನುವಾರ ಹಳಿ ಕೆಲಸಕ್ಕೆ ಮೆಗಾ ಬ್ಲಾಕ್ ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಎಷ್ಟೋ ಗಾಡಿಗಳು ಇರುವುದಿಲ್ಲ. ಬೇಗ ಹೊರಡಿ. ಬೆಳಗ್ಗೆ ಇಡ್ಲಿಯೇ ಬೇಕು ಅನ್ನುವವರಿಗೆ ದಾದರ್‌ನಿಂದ ಒಂದೇ ಸ್ಟೇಷನ್ ದೂರದಲ್ಲಿ ಮಾಟುಂಗಾ ಇದೆ. ಅಲ್ಲಿನ ಉಡುಪಿ ಹೋಟೆಲ್‌ಗಳಲ್ಲಿ ಕನ್ನಡವೂ ಕಿವಿಗೆ ಬೀಳುತ್ತದೆ.

ಸಿಎಸ್‌ಎಂಟಿಯಲ್ಲಿ ಇಳಿದ ಕೂಡಲೇ ಹೊರಗೆ ಓಡಬೇಡಿ. ಲೋಕಲ್ ಟಿಕೆಟ್ ಕೊಡುವ ಹಳೆಯ ಹಾಲ್‌ಗೆ ಹೋಗಿ ತಲೆ ಎತ್ತಿ ನೋಡಿ. ಚಾವಣಿಯ ತುಂಬಾ ನಕ್ಷತ್ರಗಳಿವೆ. ಆಮೇಲೆ ರಸ್ತೆ ದಾಟಿ ಎದುರಿಗೆ ನಿಂತುಕೊಳ್ಳಿ. ಗೇಟಿನ ಎರಡು ಕಂಬಗಳ ಮೇಲೆ ಒಂದು ಸಿಂಹ, ಒಂದು ಹುಲಿ ಕೂತಿವೆ. ಸಿಂಹ ಇಂಗ್ಲೆಂಡ್, ಹುಲಿ ನಮ್ಮ ದೇಶ. ಗೋಡೆಗಳಲ್ಲಿ ನವಿಲು, ಕೋತಿ, ಎಲೆ, ಬಳ್ಳಿ. ಅಮ್ಮ ಒಂದೊಂದನ್ನೇ ಬೆರಳು ಮಾಡಿ ತೋರಿಸುತ್ತಾ ಮುಕ್ಕಾಲು ಗಂಟೆ ನಿಂತಿದ್ದಳು. 1878ರಲ್ಲಿ ಶುರುವಾದ ಈ ಕಟ್ಟಡಕ್ಕೆ ಸುಮಾರು ಹತ್ತು ವರ್ಷ ಹಿಡಿಯಿತು. ಇದರ ನಕ್ಷೆ ಮಾಡಿದವರು ಎಫ್. ಡಬ್ಲ್ಯೂ. ಸ್ಟೀವನ್ಸ್. ಎದುರಿಗಿರುವ ಮಹಾನಗರ ಪಾಲಿಕೆಯ ಕಟ್ಟಡವೂ ಅವರದೇ.

ಸ್ಟೀವನ್ಸ್ ಅನ್ನುವ ಈ ಹೆಸರು ನೆನಪಿಟ್ಟುಕೊಂಡು ನಡೆಯಿರಿ. ಫ್ಲೋರಾ ಫೌಂಟನ್, ಕಾಲಾ ಘೋಡಾ ದಾಟಿ ಸುಮಾರು ಎರಡು ಕಿಲೋಮೀಟರ್ ಹೋದರೆ ರೀಗಲ್ ಸರ್ಕಲ್. ಅಲ್ಲಿರುವ ಪೊಲೀಸ್ ಪ್ರಧಾನ ಕಚೇರಿ ಮೊದಲು ನಾವಿಕರ ವಸತಿ ಮನೆಯಾಗಿತ್ತು. ಅದೂ ಸ್ಟೀವನ್ಸ್ ಅವರದೇ, 1870ರ ದಶಕದ್ದು. ಅದೇ ಸರ್ಕಲ್‌ನಲ್ಲಿರುವ ರೀಗಲ್ ಸಿನಿಮಾ ಕಟ್ಟಡ 1933ರದ್ದು. ಅದನ್ನು ರೂಪಿಸಿದವರು ಅವರ ಮಗ ಚಾರ್ಲ್ಸ್ ಸ್ಟೀವನ್ಸ್. ಅಪ್ಪನದು ಕಮಾನು, ಕೆತ್ತನೆಗಳ ಕಲ್ಲಿನ ಕಟ್ಟಡ. ಮಗನದು ಗೆರೆ ಎಳೆದ ಹಾಗೆ ನುಣುಪಾದ ಗೋಡೆ. ಒಂದೇ ಕಡೆ ನಿಂತು ಎರಡನ್ನೂ ನೋಡಬಹುದು. ನನಗಂತೂ ಮುಂಬೈಯಲ್ಲಿ ಇದಕ್ಕಿಂತ ಇಷ್ಟವಾದ ಜಾಗ ಇನ್ನೊಂದಿಲ್ಲ.

ಗೇಟ್‌ವೇ ಅಲ್ಲೇ ಹತ್ತಿರ, ನೋಡಿ ಬನ್ನಿ. ಸ್ವಾತಂತ್ರ್ಯದ ನಂತರ, 1948ರ ಫೆಬ್ರವರಿ 28ರಂದು, ಬ್ರಿಟಿಷ್ ಸೇನೆಯ ಕೊನೆಯ ತುಕಡಿ ಇದೇ ಬಾಗಿಲಿನಿಂದ ಹೊರಟು ಹೋಯಿತು. ಅಲ್ಲಿಂದ ಎಲಿಫೆಂಟಾ ದ್ವೀಪದ ಗುಹೆಗಳಿಗೆ ಹೋಗುವ ದೋಣಿ ಮಾತ್ರ ಮೊದಲ ದಿನ ಬೇಡ. ಹೋಗಲಿಕ್ಕೇ ಸುಮಾರು ಒಂದು ಗಂಟೆ. ಸೋಮವಾರ ಗುಹೆಗಳಿಗೆ ರಜೆ, ಅದನ್ನೂ ಗಮನದಲ್ಲಿಡಿ.

ವಡಾ ಪಾವ್ ತಿಂದು, ಬಿಸಿಲು ಇಳಿದ ಮೇಲೆ ಓವಲ್ ಮೈದಾನಕ್ಕೆ ಬನ್ನಿ. ಭಾನುವಾರವಾದರೆ ಅಲ್ಲಿ ಒಂದರ ಪಕ್ಕ ಒಂದು ಕ್ರಿಕೆಟ್ ಮ್ಯಾಚ್. ಈ ಆಟದ ಫೀಲ್ಡರ್ ಆ ಆಟದ ಅಂಪೈರ್ ಪಕ್ಕದಲ್ಲೇ ನಿಂತಿರುತ್ತಾನೆ! ಮೈದಾನದ ನಡುವಿನ ಕಾಲುದಾರಿಯಲ್ಲಿ ನಿಲ್ಲಿ. ಪೂರ್ವಕ್ಕೆ ಹೈಕೋರ್ಟ್, ವಿಶ್ವವಿದ್ಯಾಲಯ, ರಾಜಾಬಾಯಿ ಗಡಿಯಾರದ ಗೋಪುರ. ಎಲ್ಲಾ 1870ರ ದಶಕದ ಕಲ್ಲಿನ ಕಟ್ಟಡಗಳು. ಗೋಪುರಕ್ಕೆ ಹಣ ಕೊಟ್ಟವರು ವ್ಯಾಪಾರಿ ಪ್ರೇಮಚಂದ್ ರಾಯಚಂದ್. ರಾಜಾಬಾಯಿ ಅವರ ತಾಯಿ. ಕಣ್ಣು ಕಾಣದ ಆ ತಾಯಿಗೆ ಗಂಟೆಯ ಸದ್ದಿನಿಂದ ಹೊತ್ತು ತಿಳಿಯಲಿ, ಜೈನ ಪದ್ಧತಿಯಂತೆ ಕತ್ತಲಾಗುವ ಮೊದಲು ಊಟ ಮುಗಿಸಲಿ ಅಂತ ಕಟ್ಟಿಸಿದರು ಎಂದು ಹೇಳುತ್ತಾರೆ. ಅಮ್ಮ ಇದನ್ನು ಕೇಳಿ ಗಂಟೆ ಹೊಡೆಯುವ ತನಕ ಅಲ್ಲಿಂದ ಕದಲಲಿಲ್ಲ.

ಈಗ ಪಶ್ಚಿಮಕ್ಕೆ ತಿರುಗಿ. ತಿಳಿ ಬಣ್ಣದ, ಮೂಲೆ ದುಂಡಗಿರುವ ಮನೆಗಳ ಸಾಲು. ಇವು 1930ರ ದಶಕದವು. ಹೈಕೋರ್ಟ್ ಕಟ್ಟಿದಾಗ ಈ ಮನೆಗಳಿರುವ ನೆಲವೇ ಇರಲಿಲ್ಲ, ಅಲ್ಲಿ ಸಮುದ್ರವಿತ್ತು. ಆಮೇಲೆ ಅದನ್ನು ತುಂಬಿ ನೆಲ ಮಾಡಿದರು. ಮೈದಾನದ ಎರಡೂ ಬದಿಯ ಕಟ್ಟಡಗಳನ್ನು ಸೇರಿಸಿ 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ತಂದಿದೆ. ಆ ಮನೆಗಳ ನಡುವೆ ಹತ್ತು ನಿಮಿಷ ನಡೆದರೆ ಮರೀನ್ ಡ್ರೈವ್. ಅಂದರೆ ಅಷ್ಟು ದೂರ ನೀವು ಹಳೆಯ ಸಮುದ್ರದ ಮೇಲೇ ನಡೆಯುತ್ತೀರಿ.

ಕಟ್ಟೆಯ ಮೇಲೆ ಕೂತು ಬಿಡಿ. ಎಷ್ಟು ಹೊತ್ತಾದರೂ ಪರವಾಗಿಲ್ಲ, ಚರ್ಚ್‌ಗೇಟ್ ಸ್ಟೇಷನ್ ಪಕ್ಕದಲ್ಲೇ ಇದೆ. ಲೋಕಲ್ ಅಲ್ಲಿಂದಲೇ ಹೊರಡುವುದರಿಂದ ವಾಪಸ್ ಹೋಗುವಾಗ ಸೀಟೂ ಸಿಗುತ್ತದೆ.

ಅವತ್ತು ಅಮ್ಮ ಚಪ್ಪಲಿ ಬಿಟ್ಟು ಕಟ್ಟೆ ಮೇಲೆ ಕಾಲು ಮಡಚಿ ಕೂತಳು. ದೀಪಗಳು ಒಂದೊಂದೇ ಹತ್ತಿಕೊಂಡವು. ಹುಬ್ಬಳ್ಳಿಯಲ್ಲಿದ್ದ ಚಿಕ್ಕಮ್ಮನಿಗೆ ಫೋನ್ ಹಚ್ಚಿದಳು. "ನಾ ಈಗ ಪಶ್ಚಿಮಕ್ಕ ಮುಖಾ ಮಾಡಿ ಕುಂತೀನವ್ವಾ. ಸಮುದ್ರ ಮೊದಲ ನಮ್ಮ ಬೆನ್ನ ಹಿಂದ ಆ ಮೈದಾನದ ತನಕಾ ಇತ್ತಂತ..."