ಪೈಥಾನ್ ಒಪ್ಪದ ಹೆಸರು

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯತೊಡಗಿದ ಹೊಸತರಲ್ಲಿ ಪರೀಕ್ಷೆಯ ಅಂಕಗಳನ್ನು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಮೊಂದನ್ನು ಬರೆದು, ತೇರ್ಗಡೆಯಾದವರ ಸಂಖ್ಯೆಯನ್ನು ಹಿಡಿದಿಡುವ ವೇರಿಯಬಲ್‌ಗೆ ‘ಪಾಸ್’ ಎಂದೂ, ಆಗದವರದಕ್ಕೆ ‘ಫೇಲ್’ ಎಂದೂ ಹೆಸರಿಟ್ಟಿದ್ದೆ. ‘ಫೇಲ್’ ಬಗ್ಗೆ ಯಾವ ತಕರಾರೂ ಬರಲಿಲ್ಲ; ‘ಪಾಸ್’ ಇದ್ದ ಸಾಲಿಗೆ ಮಾತ್ರ ಸಿಂಟ್ಯಾಕ್ಸ್ ಎರರ್, ಅಂದರೆ ಸಾಲು ಭಾಷೆಯ ವ್ಯಾಕರಣಕ್ಕೆ ಹೊಂದುತ್ತಿಲ್ಲವೆಂಬ ದೂರು. ಸಾಲನ್ನು ಅಳಿಸಿ ಮತ್ತೆ ಅದನ್ನೇ ಬರೆದೆ, ಸಮ ಚಿಹ್ನೆಯ ಆಚೀಚೆ ಜಾಗ ಬಿಟ್ಟು ನೋಡಿದೆ; ತಪ್ಪು ಹೆಸರಿನಲ್ಲೇ ಇದೆಯೆಂಬುದು ಹೊಳೆಯಲು ಬಹಳ ಹೊತ್ತು ಹಿಡಿಯಿತು.

‘ಇಲ್ಲಿ ಏನನ್ನೂ ಮಾಡಬೇಡ, ಮುಂದೆ ಸಾಗು’ ಎಂದು ಹೇಳಲು ಪೈಥಾನ್ ತನಗಾಗಿ ಇಟ್ಟುಕೊಂಡಿರುವ ಪದ ‘ಪಾಸ್’. ಇಂಥವನ್ನು ಮೀಸಲು ಪದಗಳೆನ್ನುತ್ತಾರೆ. ‘ಇಫ್’ ಎಂಬುದು ಷರತ್ತಿನ ಆರಂಭವೋ ಯಾರೋ ಇಟ್ಟ ಹೆಸರೋ ಎಂದು ಪ್ರತಿ ಸಾಲಿನಲ್ಲೂ ಊಹಿಸಬೇಕಾದ ಕಷ್ಟವನ್ನು ಈ ಮೀಸಲಾತಿ ತಪ್ಪಿಸುತ್ತದೆ. ಪಿಎಲ್/ಒನ್ ಭಾಷೆ ಮೀಸಲು ಪದಗಳೇ ಇಲ್ಲದೆ ನಡೆಯಿತು, ನಿಜ. ಆದರೆ ‘ಇಫ್’, ‘ದೆನ್’, ‘ಎಲ್ಸ್’ ಎಂಬ ಹೆಸರಿನ ವೇರಿಯಬಲ್‌ಗಳನ್ನೇ ಷರತ್ತಿನೊಳಗೆ ತುಂಬಿದ ಸಾಲನ್ನು ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತರುವ ತಂತ್ರಾಂಶ) ಬಿಡಿಸಿಕೊಂಡರೂ ಓದುವವರ ತಲೆ ತಿರುಗುತ್ತದೆ.

1989ರ ಸಿ ಭಾಷೆಯ ಮಾನಕದಲ್ಲಿ ಇಂತಹ ಪದಗಳು 32. ಜಾವಾ ಭಾಷೆಯಂತೂ ‘ಗೋಟು’ ಎಂಬ ಪದವನ್ನು ತಾನೂ ಬಳಸದೆ, ನಮಗೂ ಬಿಟ್ಟುಕೊಡದೆ ಇಟ್ಟುಕೊಂಡಿದೆ. ಪಟ್ಟಿ ಬೆಳೆಯುವುದೂ ಉಂಟು: 2018ರ ಪೈಥಾನ್ 3.7ರಲ್ಲಿ ‘ಅಸಿಂಕ್’ ಮತ್ತು ‘ಅವೇಟ್’ ಮೀಸಲಾದಾಗ, ಅಲ್ಲಿಯವರೆಗೆ ‘ಅಸಿಂಕ್’ ಅನ್ನು ಹೆಸರಾಗಿ ಬಳಸುತ್ತಿದ್ದ ಕೋಡ್ ಕೈಕೊಟ್ಟಿತು. ಆ ಅನುಭವದ ನಂತರವೋ ಏನೋ, 2021ರಲ್ಲಿ ಬಂದ ‘ಮ್ಯಾಚ್’ ಮತ್ತು ‘ಕೇಸ್’ ತಮ್ಮ ಸಂದರ್ಭದಲ್ಲಷ್ಟೇ ವಿಶೇಷಾರ್ಥ ಪಡೆಯುತ್ತವೆ. ಬೇರೆಡೆ ಅವು ಸಾಮಾನ್ಯ ಹೆಸರುಗಳೇ. ಇವನ್ನೆಲ್ಲ ಬಾಯಿಪಾಠ ಮಾಡುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ. ಪೈಥಾನ್ ಜೊತೆಗೇ ಬರುವ ‘ಕೀವರ್ಡ್’ ಎಂಬ ಮಾಡ್ಯೂಲನ್ನು (ಸಿದ್ಧ ಕೋಡಿನ ಕಟ್ಟನ್ನು) ಕೇಳಿದರೆ ಪೈಥಾನ್ ತನ್ನ ಪಟ್ಟಿಯನ್ನು ತಾನೇ ಒಪ್ಪಿಸುತ್ತದೆ. ಬೇರೆ ಹೆಸರು ತೋಚದಿದ್ದರೆ ಪದದ ಕೊನೆಗೊಂದು ಅಂಡರ್‌ಸ್ಕೋರ್ ಸೇರಿಸುವ ರೂಢಿಯೂ ಇದೆ.

ನನಗೆ ಹೆಚ್ಚು ಭಯವಿರುವುದು ಮೀಸಲಲ್ಲದ ಪದಗಳ ಬಗ್ಗೆ. ‘ಲಿಸ್ಟ್’ ಮೀಸಲು ಪದವಲ್ಲ, ಪೈಥಾನ್ ಜೊತೆಗೆ ಸಿದ್ಧವಾಗಿ ಬರುವ ಒಂದು ಹೆಸರಷ್ಟೇ. ಹಾಗಾಗಿ ನಮ್ಮ ಅಂಕಗಳ ಪಟ್ಟಿಗೆ ‘ಲಿಸ್ಟ್’ ಎಂದು ಹೆಸರಿಟ್ಟರೆ ಪೈಥಾನ್ ತುಟಿಪಿಟಕ್ಕೆನ್ನದೆ ಒಪ್ಪಿಕೊಳ್ಳುತ್ತದೆ. ನಲವತ್ತು ಸಾಲುಗಳ ನಂತರ, ಅಕ್ಷರಗಳನ್ನು ಪಟ್ಟಿಯಾಗಿಸಲು ಅದೇ ‘ಲಿಸ್ಟ್’ ಅನ್ನು ಕರೆದಾಗ ಟೈಪ್ ಎರರ್ (ಆ ಬಗೆಯ ವಸ್ತುವನ್ನು ಹೀಗೆ ಬಳಸಲಾಗದೆಂಬ ದೂರು) ಬರುತ್ತದೆ, ಮತ್ತು ಅದು ಬೊಟ್ಟು ಮಾಡುವುದು ಹೆಸರಿಟ್ಟ ಸಾಲಿನತ್ತ ಅಲ್ಲ, ಆ ನಲವತ್ತನೆಯ ಸಾಲಿನತ್ತ.