ಮುಖ ಬದಲಿಸುವ ಬ್ಯಾನರ್: ಕೊನೆಗೂ ನೆಟ್ಟಗೆ ನಿಂತಿತು

ಸುಕ್ಕಿಲ್ಲ, ಜೋತು ಬಿದ್ದಿಲ್ಲ, ಮೂಲೆ ಎದ್ದಿಲ್ಲ. ನಿನ್ನೆ ಸಂಜೆ ಗೋವಾದ ವಾಸ್ಕೋದ ನಮ್ಮ ಬಿಲ್ಡಿಂಗಿನ ಟೆರೇಸಿನಿಂದ, ಎಫ್‌ಸಿ ಗೋವಾ ಫುಟ್‌ಬಾಲ್ ತಂಡಕ್ಕಾಗಿ ಬರೆದ ಇಡೀ ಬ್ಯಾನರ್ ಕೆಳಗಿಳಿಬಿಟ್ಟೆವು. ಕಡಲ ಕಡೆಯಿಂದ ಜೋರು ಗಾಳಿ, ನಡುವೆ ಒಂದು ಮಳೆಯ ಹೊಡೆತ. ಮಧ್ಯದ ಮುಖ ಕದಲಲಿಲ್ಲ. 2025ರ ಜೂನ್‌ನಿಂದ ಕಾಡಿದ ತೊಡಕು ಈ ಆಗಸ್ಟ್‌ನಲ್ಲಿ ಬಗೆಹರಿಯಿತು, ಅದಕ್ಕೇ ಈ ಬರಹ.

ಹೊಸ ಬಟ್ಟೆಯ ಗಂಜಿ ತೆಗೆದು ಒಗೆಯುವುದು, ಚೌಕ ಹಾಕಿ ಚಿತ್ರ ಹಿಗ್ಗಿಸುವುದು, ಎಮಲ್ಷನ್ ಬಣ್ಣಕ್ಕೆ ಅದನ್ನು ಹಿಡಿದಿಡುವ ಬೈಂಡರ್ ಬೆರೆಸುವುದು ಬ್ಯಾನರ್ ಬರೆಯುವವರಿಗೆಲ್ಲ ಗೊತ್ತಿರುವ ಕೆಲಸ, ಅದನ್ನು ಬಿಡುತ್ತೇನೆ. ಅಳತೆ 24 ಅಡಿಗೆ 16, ಒರಟು ಹತ್ತಿಯ ಮಂಜರಪಾಟ ಬಟ್ಟೆ, ಮಧ್ಯದಲ್ಲಿ ಎಂಟಡಿ ಚೌಕದ ಮುಖ. ಆ ಮುಖವನ್ನು ಬೇಕಾದಾಗ ಬಿಚ್ಚಿ ಬೇರೆ ಮುಖ ಹಾಕುವಂತಿರಬೇಕು. ನಮ್ಮನ್ನು ಗೋಳಾಡಿಸಿದ್ದು ಇದೊಂದೇ.

ಇಷ್ಟೆಲ್ಲ ಯಾಕೆ ಎಂದು ಕೇಳುವವರು 2020 ಅನ್ನು ನೆನಪಿಸಿಕೊಳ್ಳಬೇಕು. ಆ ಋತುವಿನಲ್ಲಿ ಎಫ್‌ಸಿ ಗೋವಾ ಲೀಗ್ ಹಂತದಲ್ಲಿ ಮೊದಲಾದವರಿಗೆ ಸಿಗುವ ಶೀಲ್ಡ್ ಗೆದ್ದು, ಏಷ್ಯಾದ ಚಾಂಪಿಯನ್ಸ್ ಲೀಗಿನ ಗುಂಪು ಹಂತಕ್ಕೆ ಅರ್ಹತೆ ಪಡೆದಿತ್ತು. ಅಷ್ಟರಲ್ಲಿ ತಂಡವೇ ಕರಗಿತು. ಐಎಸ್‌ಎಲ್‌ನಲ್ಲಿ, ಅಂದರೆ ಇಂಡಿಯನ್ ಸೂಪರ್ ಲೀಗ್‌ನಲ್ಲಿ, ನಮಗಾಗಿ 48 ಗೋಲು ಹೊಡೆದ ಕೊರೊ ಹೊರಟ. ಋತುವಿನ ನಡುವೆಯೇ ಕೆಲಸ ಕಳೆದುಕೊಂಡಿದ್ದ ಕೋಚ್ ಲೊಬೇರಾ ಮುಂಬೈ ಸಿಟಿ ಸೇರಿದರು. ಜಾಹೂ, ಬೂಮೂಸ್, ಮೂರ್ತಾದಾ ಫಾಲ್, ನಮ್ಮ ಗೋವಾದವನೇ ಆದ ಮಂದಾರ್ ರಾವ್ ದೇಸಾಯಿ, ಎಲ್ಲರೂ ಅತ್ತಲೇ ಹೋದರು. ಕೊರೋನಾದಿಂದಾಗಿ ಮುಂದಿನ ಋತುವಿನ ಪಂದ್ಯಗಳೆಲ್ಲ ಗೋವಾದಲ್ಲೇ ನಡೆದವು: ಫಾತೋರ್ಡಾ, ಬಾಂಬೋಳಿ, ನಮ್ಮ ವಾಸ್ಕೋದ ತಿಲಕ್ ಮೈದಾನ. ಗೇಟು ಮಾತ್ರ ಜನರಿಗೆ ಮುಚ್ಚಿತ್ತು. ಗೋಡೆಯಾಚೆ ರೆಫರಿಯ ಸೀಟಿ ಕೇಳುತ್ತಿತ್ತು, ಜನರ ದನಿ ಇರಲಿಲ್ಲ. ಸೆಮಿಫೈನಲ್ಲಿನಲ್ಲಿ ಅದೇ ಮುಂಬೈ ನಮ್ಮನ್ನು ಪೆನಾಲ್ಟಿಯಲ್ಲಿ ಸೋಲಿಸಿ, ಶೀಲ್ಡು ಕಪ್ಪು ಎರಡನ್ನೂ ಎತ್ತಿಕೊಂಡಿತು. ನಾನು ಬರೆದಿದ್ದ ಕೊರೊ ಬ್ಯಾನರ್ ಒಂದು ದಿನವೂ ಸ್ಟೇಡಿಯಂ ಕಾಣದೆ ಟ್ರಂಕು ಸೇರಿತು.

2024ರಲ್ಲಿ ಬ್ರ್ಯಾಂಡನ್ ಫರ್ನಾಂಡಿಸ್ ಕೂಡ ಮುಂಬೈಗೆ ಹೋದ. ಅವನ ಮುಖ ಬಟ್ಟೆಯ ಮೈಯಲ್ಲೇ ಬರೆದದ್ದು. ಅದರ ಮೇಲೆ ಬಣ್ಣ ಬಳಿದು ಇನ್ನೊಬ್ಬನನ್ನು ಬರೆಯಲು ನನಗೆ ಮನಸ್ಸು ಬರಲಿಲ್ಲ, ಈಗಲೂ ಬರುವುದಿಲ್ಲ. ಹೋದವನ ಮುಖ ಹೋದವನದ್ದಾಗಿಯೇ ಉಳಿಯಲಿ. ಆದರೆ ಬ್ಯಾನರಿನ ಮೈ, ಕ್ಲಬ್ಬಿನ ಬಣ್ಣ, ಅಂಚಿನ ಅಕ್ಷರ, ತಿಂಗಳುಗಟ್ಟಲೆಯ ಕೆಲಸ ಅವನ ಜೊತೆ ಟ್ರಂಕಿಗೆ ಹೋಗಬಾರದು. ಈ ಯೋಜನೆ ಹುಟ್ಟಿದ್ದು ಅಲ್ಲಿಂದ.

ಈ ಸಲ ಋತುವಿಗೆ ಮುಂಚಿನ ಆತಂಕ ಎಂದಿನಂಥದ್ದಲ್ಲ. ಬೇರೆ ವರ್ಷ ಯಾರು ಹೋಗುತ್ತಾರೆ, ಯಾರು ಬರುತ್ತಾರೆ ಎಂದಷ್ಟೇ ತಲೆಬಿಸಿ. 2025ರ ಜುಲೈನಲ್ಲಿ ಲೀಗನ್ನೇ ತಡೆಹಿಡಿದರು. ಭಾರತದ ಫುಟ್‌ಬಾಲ್ ಫೆಡರೇಷನ್ನಿಗೂ ಲೀಗ್ ನಡೆಸುವ ಕಂಪನಿಗೂ ಇದ್ದ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು, ಮುಂದಿನದ್ದು ಇತ್ಯರ್ಥವಾಗಿರಲಿಲ್ಲ. ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟವಾಗಿ ನಿಲ್ಲಿಸುವುದಾಗಿ ಹೇಳಿತು. ಏಪ್ರಿಲ್‌ನಲ್ಲಿ ಇದೇ ಬೆಂಗಳೂರು ಫಾತೋರ್ಡಾದಲ್ಲಿ ನಮ್ಮ ಕರುಳು ಹಿಂಡಿತ್ತು. ಸೆಮಿಫೈನಲ್ಲಿನ ಎರಡನೇ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗುತ್ತದೆ ಎಂದು ನಾವೆಲ್ಲ ಅಂದುಕೊಂಡಾಗ, ಕೊನೆಯ ನಿಮಿಷಗಳಲ್ಲಿ ಸುನೀಲ್ ಛೆಟ್ರಿ ತಲೆಯಲ್ಲಿ ಹೊಡೆದ ಗೋಲು. ಕನ್ನಡದವನಾಗಿ ಗೋವಾಕ್ಕೆ ಕೂಗುತ್ತೀಯಲ್ಲ ಎಂದು ಊರಿನವರು ಆ ರಾತ್ರಿ ಫೋನು ಮಾಡಿ ಚುಡಾಯಿಸಿದ್ದರು. ಸಂಬಳದ ಸುದ್ದಿ ಬಂದಾಗ ಅದೆಲ್ಲ ಮರೆಯಿತು. ಅವರೂ ಆಟಗಾರರೇ, ಅವರಿಗೂ ಮನೆ ಬಾಡಿಗೆ ಇದೆ.

ಇಂಥ ಹೊತ್ತಿನಲ್ಲಿ ಗಾಳಿಸುದ್ದಿಗೆ ಕೈಕಾಲು ಮೂಡುತ್ತದೆ. ವಾಸ್ಕೋದ ನಮ್ಮ ಬಡಾವಣೆ ಬೈನಾದ ಚಹಾದಂಗಡಿಯಲ್ಲಿ ಬೆಳಿಗ್ಗೆ ಒಬ್ಬ ಆಟಗಾರ ಮಲೇಷ್ಯಾಕ್ಕೆ ಹಾರಿದರೆ, ಸಂಜೆಗೆ ಅವನೇ ಕೋಲ್ಕತ್ತಾದಲ್ಲಿ ಸಹಿ ಹಾಕಿರುತ್ತಾನೆ. ಅದನ್ನೆಲ್ಲ ನಂಬಿ ಕುಂಚ ಹಿಡಿದು ಕೂತರೆ ಒಂದು ಹುಬ್ಬೂ ಮುಗಿಯುವುದಿಲ್ಲ.

ಈಗ ಜೋಡಣೆಯ ಕಥೆ.

ಮೊದಲು ವೆಲ್ಕ್ರೋ. ಜಾರಿಸಿ ಎಳೆದರೆ ಅದು ಜಪ್ಪಯ್ಯ ಅಂದರೂ ಬಿಡುವುದಿಲ್ಲ, ಮೂಲೆಯಿಂದ ಎತ್ತಿದರೆ ಸರ್ರನೆ ಬಿಡುತ್ತದೆ. ಗಾಳಿ ಮಾಡುವುದು ಎರಡನೆಯದನ್ನೇ. ಲೆಕ್ಕ ಹಾಕಿ ನೋಡಿ: ಗಂಟೆಗೆ 30 ಕಿ.ಮೀ. ವೇಗದ ಗಾಳಿ ಎಂಟಡಿ ಚೌಕದ ಬಟ್ಟೆಗೆ ನೇರ ಹೊಡೆದರೆ ಹತ್ತಿರಹತ್ತಿರ 25 ಕೆ.ಜಿ. ತೂಕದಷ್ಟು ಒತ್ತಡ. ಬಟ್ಟೆ ಬಿಗಿಯಾಗಿ ಹರಡಿರುವಾಗ ಅಂಚಿಗೆ ಬೀಳುವ ಎಳೆತ ಅದಕ್ಕಿಂತಲೂ ಹೆಚ್ಚು. ಒಂದು ಮೂಲೆ ಬಿಟ್ಟರೆ ಮುಗಿಯಿತು, ಉಳಿದದ್ದು ಸಾಲಾಗಿ ಬಿಡುತ್ತದೆ.

ಜಿಪ್ ಬೇಡವಾಗಿದ್ದಕ್ಕೆ ಕಾರಣ ಉಪ್ಪುಗಾಳಿ. ವಾಸ್ಕೋದಲ್ಲಿ ಲೋಹದ ಜಿಪ್ ಒಂದು ಮಳೆಗಾಲ ಕಳೆದರೆ ತುಕ್ಕು ಹಿಡಿದು ಜಾಮಾದ ಬೀಗವೇ ಸರಿ.

ಆಮೇಲೆ ಐಲೆಟ್, ಅಂದರೆ ಬಟ್ಟೆಗೆ ಒತ್ತಿ ಕೂರಿಸುವ ಲೋಹದ ಕಣ್ಣು. ಹಿತ್ತಾಳೆಯದ್ದೇ ಬೇಕು ಎಂದು ಮಡಗಾಂವ್‌ನ ಅಂಗಡಿಯೊಂದರಲ್ಲಿ ಒತ್ತಿ ಒತ್ತಿ ಹೇಳಿ ತಂದೆ, ಹಿತ್ತಾಳೆಯ ದುಡ್ಡನ್ನೇ ಕೊಟ್ಟೆ. ಮನೆಗೆ ಬಂದು ಅಯಸ್ಕಾಂತ ಹಿಡಿದರೆ ಟಕ್ ಎಂದು ಅಂಟಿಕೊಂಡವು. ಒಳಗೆ ಕಬ್ಬಿಣ, ಮೇಲೆ ಹಳದಿ ಲೇಪ. ಹಿಂದಿರುಗಿಸಲು ಹೋದರೆ, ‘ಸೀಸನ್‌ನಲ್ಲಿ ಎಲ್ಲ ಇದೇ ಬರುತ್ತೆ, ಬೇಕಾದ್ರೆ ತಗೊಳ್ಳಿ’ ಎಂಬ ಉತ್ತರ. ಬ್ಯಾನರ್ ಕೆಲಸ ಮಾಡುವವರೆಲ್ಲ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಳ್ಳಿ, ಅಂಗಡಿಯವನ ಮುಂದೆಯೇ ಹಿಡಿಯಿರಿ. ವಾರ ಕಳೆಯುವುದರೊಳಗೆ ಪ್ರತಿ ಕಣ್ಣಿನ ಸುತ್ತ ತುಕ್ಕಿನ ಕಂದು ಬಳೆ. ತುಕ್ಕನ್ನೂ ಸಹಿಸಬಹುದಿತ್ತು, ಸಹಿಸಲಾಗದ್ದು ಸುಕ್ಕು. ಐಲೆಟ್ಟಿನಲ್ಲಿ ಎಳೆತವೆಲ್ಲ ಒಂದೊಂದು ಬಿಂದುವಿಗೇ ಬೀಳುತ್ತದೆ, ಅಲ್ಲಿಂದ ಬಟ್ಟೆ ಕಿರಣ ಕಿರಣವಾಗಿ ಸೆಳೆಯುತ್ತದೆ. ನಾನು ಬರೆದಿದ್ದ, ಇಪ್ಪತ್ತು ದಾಟಿದ ಆಟಗಾರ ಹುಡುಗನ ಕೆನ್ನೆ ಅರವತ್ತರದ್ದಾಯಿತು.

ಹೊಲಿಗೆಗೆ ಜೊತೆಯಾದವರು ಬೈನಾದ ನಮ್ಮ ಟೇಲರ್ ಮಾಮಾ, ಗದಗದ ಕಡೆಯವರು. ಚೌತಿಯ ಗಿರಾಕಿಗಳ ನಡುವೆಯೂ ನನಗೆ ಮಷಿನ್ ಬಿಟ್ಟುಕೊಟ್ಟರು. ‘ಅಲ್ಲೋ ತಮ್ಮಾ, ನಿಮ್ಮ ಆಟಗಾರ್ರು ಬದಲಾದಷ್ಟು ಸಲ ನಾ ಮದಿಮಗಳ ಕುಬಸಾನೂ ಬಿಚ್ಚಿ ಹೊಲದಿಲ್ಲ’ ಎಂದು ಅಂಗಡಿ ತುಂಬ ನಗಿಸಿದರು. ಅವರೇ ಒಂದು ಮುಖ್ಯ ಸಂಗತಿ ಹಿಡಿದುಕೊಟ್ಟರು. ಮುಖದ ತುಂಡಿನ ಹಾಸು, ಅಂದರೆ ಉದ್ದದ ಎಳೆ, ಮೈಬಟ್ಟೆಯ ಹಾಸಿನ ದಿಕ್ಕಿನಲ್ಲೇ, ಮೇಲಿಂದ ಕೆಳಗೆ ಇರಬೇಕು. ಹೊಕ್ಕಿನ, ಅಂದರೆ ಅಡ್ಡ ಎಳೆಯ ಕಡೆ ಬಟ್ಟೆ ಹೆಚ್ಚು ಹಿಗ್ಗುತ್ತದೆ. ಒಂದರ ಹಾಸು ಇನ್ನೊಂದರ ಹೊಕ್ಕಿಗೆ ಎದುರಾದರೆ ಒದ್ದೆಯಾದಾಗ ಒಂದು ಇಳಿಯುತ್ತದೆ, ಇನ್ನೊಂದು ಇಳಿಯುವುದಿಲ್ಲ. ಹೀಗೆ ಜೋಲುವುದು ನಿಂತಿತು, ಅಂಚಿನ ಸುಕ್ಕು ಮಾತ್ರ ಉಳಿಯಿತು.

ಉತ್ತರ ಬಂದದ್ದು ಇಳಕಲ್‌ನಿಂದ. ಚಿಗವ್ವ ಅಲ್ಲಿ ಮಗ್ಗದ ಮೇಲೆ ಕೂತು ವಯಸ್ಸು ಸವೆಸಿದವಳು. ಹಬ್ಬಕ್ಕೆ ಬರುತ್ತೀಯಾ ಎಂದು ಕೇಳಲು ಫೋನ್ ಮಾಡಿದವಳ ಮುಂದೆ ನನ್ನ ಗೋಳು ತೋಡಿಕೊಂಡೆ. ಪೂರ್ತಿ ಕೇಳಿ, ‘ಏ ಮಗನ, ಸೀರಿ ಮೈಗೆ ಸೆರಗು ಹೆಂಗ ಕೂಡಸ್ತೀವಿ? ತೋಪು ತೆನಿ ಹಾಕ್ತೀವಲ್ಲ. ಒಂದೊಂದ ಎಳಿಗೂ ಜೋಡಿ ಇರ್ತದ, ಅದಕ್ಕ ಎಲ್ಲೂ ಜಗ್ಗಂಗಿಲ್ಲ’ ಅಂದಳು.

ಇಳಕಲ್ ಸೀರೆ ಉಟ್ಟ ಮನೆಯಲ್ಲಿ ಬೆಳೆದವರೆಲ್ಲ ಆ ಸೆರಗನ್ನು ನೋಡಿಯೇ ಇರುತ್ತಾರೆ. ಮೈಗೆ ಬೇರೆ ಹಾಸು, ಸೆರಗಿಗೆ ಬೇರೆ ಹಾಸು. ಎರಡರ ಎಳೆಗಳನ್ನು ಕುಣಿಕೆ ಕುಣಿಕೆಯಾಗಿ ಒಂದಕ್ಕೊಂದು ಸಿಕ್ಕಿಸಿ ಮುಂದೆ ನೇಯುತ್ತಾರೆ. ಎಳೆತ ಒಂದು ಜಾಗಕ್ಕೆ ಬೀಳದೆ ಅಗಲಕ್ಕೂ ಹಂಚಿಹೋಗುತ್ತದೆ. ನನಗೆ ಬೇಕಾಗಿದ್ದೂ ಅದೇ, ಬಿಚ್ಚುವಂತಿರಬೇಕು ಎಂಬುದೊಂದು ಹೆಚ್ಚಿನ ಷರತ್ತು.

ಮಾಡಿದ್ದು ಹೀಗೆ. ಮುಖದ ನಾಲ್ಕೂ ಅಂಚು ಎರಡು ಮಡಿಕೆ ಮಡಚಿ, ಹಿಂದೆ ನವಾರ ಕೊಟ್ಟು ಹೊಲಿದೆವು. ಹತ್ತಿಯ ಲಾಡಿಯನ್ನು ಸಣ್ಣ ಕುಣಿಕೆಗಳಾಗಿ ಕತ್ತರಿಸಿ, ಮೂರು ಇಂಚಿಗೊಂದರಂತೆ ಆ ನವಾರಕ್ಕೇ ಕೂಡಿಸಿದೆವು. ಸುತ್ತಳತೆ 32 ಅಡಿ, ಅಂದರೆ ಮುಖಕ್ಕೆ 128 ಕುಣಿಕೆ. ಮೈಬಟ್ಟೆಯ ಕಿಂಡಿಯ ಸುತ್ತಲೂ ಅಷ್ಟೇ, ಆದರೆ ಇವುಗಳ ನಡುವಿನ ಜಾಗಕ್ಕೆ ಬರುವಂತೆ. ಎರಡೂ ಸಾಲು ಬೆರಳಿಗೆ ಬೆರಳು ಹೆಣೆದಂತೆ ಕೂಡಿದ ಮೇಲೆ ಒಳಗಿಂದ ಒಂದು ಹಗ್ಗ ತೂರಿಸುವುದು. ಒಂದೊಂದು ಬದಿಗೆ ಒಂದೊಂದು ಬೇರೆ ಹಗ್ಗ. ಒಂದೇ ಹಗ್ಗವನ್ನು ಮೂಲೆಯಲ್ಲಿ ತಿರುಗಿಸಿದರೆ ಅಲ್ಲಿ ಬಿಗಿ ಕಟ್ಟಿ ಮತ್ತೆ ಸುಕ್ಕು ಬರುತ್ತದೆ. ಹಗ್ಗಕ್ಕೆ ಖಾರೆವಾಡೊದ ಮೀನುಗಾರರ ಕಡೆ ಹೋದೆ. ನೈಲಾನ್ ಬೇಡ, ನೀರು ಕುಡಿದು ಹಿಗ್ಗುತ್ತದೆ, ಪಾಲಿಯೆಸ್ಟರ್ ತಗೋ ಎಂದು ಅವರೇ ಆರಿಸಿಕೊಟ್ಟರು. ಕುಣಿಕೆಗಳ ನಡುವಿನ ಸಂದಿನಲ್ಲಿ ಬೆಳಕು ಕಾಣದಂತೆ ಹಿಂದೆ ಒಂದು ಪಟ್ಟಿ ಹೊಲಿದು ಮೈಬಣ್ಣವನ್ನೇ ಬಳಿದದ್ದಾಯಿತು. ನಾಲ್ಕು ಹಗ್ಗ ಎಳೆದರೆ ಮುಖ ಕೈಗೆ ಬರುತ್ತದೆ, ಮೈ ಹಾಗೇ ಇರುತ್ತದೆ.

ನಿನ್ನೆಯ ಗಾಳಿಯಲ್ಲಿ ನಿಂತದ್ದು ಈ ಜೋಡಣೆ. ಫೋಟೋ ನೋಡಿ ಚಿಗವ್ವ ‘ಅಂಚು ಚಲೋ ಬಂದಾವ’ ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು.

ಇದೇ ಕುಣಿಕೆ ತಲೆಯಲ್ಲಿ ಇನ್ನೊಂದು ಆಸೆ ಎಬ್ಬಿಸಿದೆ. ನಮ್ಮ ಕ್ಲಬ್ಬಿನ ಗುರುತು ಕಾಟಿ, ಅಂದರೆ ಆ ದೊಡ್ಡ ಕಾಡುಕೋಣ. ಬಿದಿರಿನ ಹಂದರಕ್ಕೆ ಬಟ್ಟೆಯ ಚರ್ಮ, ಕುಣಿಕೆಯಲ್ಲಿ ಕೂಡಿಸಿ ಬಿಚ್ಚಿ ಮಡಚಿಡುವಂಥ ಒಂದು ಕಾಟಿ ತಲೆ. ಇಬ್ಬರು ಹೆಗಲ ಮೇಲೆ ಹೊರಬೇಕು, ಮೂಗು ಅಲ್ಲಾಡಬೇಕು. ಗೋವಾದಲ್ಲಿ ಬಿದಿರು ಕಟ್ಟುವ ಕೈಗಳಿಗೆ ಬರವಿಲ್ಲ, ದೀಪಾವಳಿಯ ಹಿಂದಿನ ರಾತ್ರಿ ಓಣಿ ಓಣಿಯಲ್ಲಿ ನರಕಾಸುರ ಎದ್ದು ನಿಲ್ಲುತ್ತಾನೆ. ಕೊಂಬಿನ ಬಾಗಿಗೆ ಬೆತ್ತವೋ ಬಿದಿರ ಸೀಳೋ ಎಂದು ನರಕಾಸುರ ಕಟ್ಟುವ ಹುಡುಗರನ್ನು ಈಗಲೇ ಹಿಡಿದು ಕೇಳಿದ್ದೇನೆ, ಇಬ್ಬರದು ಎರಡು ಉತ್ತರ. ಸ್ಟೇಡಿಯಂ ಗೇಟಿನಲ್ಲಿ ಕೋಲು ಬಿಡುತ್ತಾರೋ ಇಲ್ಲವೋ ಅದು ಬೇರೆ ತಲೆನೋವು. ಇರಲಿ, ಮೊದಲು ಬ್ಯಾನರ್.

ಜೋಡಣೆ ಮುಗಿಯುತ್ತಿದ್ದಂತೆ ಜಗಳ ಶುರುವಾದದ್ದು ಯಾರ ಮುಖ ಎಂಬುದಕ್ಕೆ. 2025ರ ಮೇ ತಿಂಗಳಲ್ಲಿ ಭುವನೇಶ್ವರದಲ್ಲಿ ಜಮ್ಶೆಡ್‌ಪುರವನ್ನು 3-0ರಿಂದ ಸೋಲಿಸಿ ಸೂಪರ್ ಕಪ್ ಗೆದ್ದೆವು, ಅದು ಏಷ್ಯಾದ ಬಾಗಿಲು ತೆರೆಯಿತು. ಆಗಸ್ಟ್ 13ರಂದು ಫಾತೋರ್ಡಾದಲ್ಲಿ ಒಮಾನಿನ ಅಲ್ ಸೀಬ್ ಮೇಲೆ 2-1 ಗೆಲುವು. ಎರಡು ದಿನ ಬಿಟ್ಟು ಡ್ರಾ ಎತ್ತಿದರು, ನಮ್ಮ ಗುಂಪಿನಲ್ಲಿ ನಾಲ್ಕು ತಂಡ: ಅಲ್ ನಸ್ರ್, ಅಲ್ ಜವ್ರಾ, ಇಸ್ತಿಕ್ಲೋಲ್, ನಾವು. ಅಲ್ ನಸ್ರ್ ಅಂದರೆ ರೊನಾಲ್ಡೊ. ಪಂದ್ಯ 2025ರ ಅಕ್ಟೋಬರ್ 22ಕ್ಕೆ, ಫಾತೋರ್ಡಾದಲ್ಲಿ.

ಅಂದಿನಿಂದ ವಾಸ್ಕೋದಲ್ಲಿ ಬೇರೆ ಮಾತೇ ಇಲ್ಲ. ಅಲ್ ಸೀಬ್ ಪಂದ್ಯಕ್ಕೆ ಹೋಗುವ ಬಸ್ಸಿನಲ್ಲೇ ಅರ್ಧ ಜನ ಮಾತಾಡುತ್ತಿದ್ದದ್ದು ರೊನಾಲ್ಡೊನ ಸಂಗಾತಿ ಜಾರ್ಜಿನಾ ಹಾಕಿದ ಉಂಗುರದ ಫೋಟೋ ಬಗ್ಗೆ. ಆ ಕಲ್ಲಿನ ಬೆಲೆಯಲ್ಲಿ ಎಷ್ಟು ಸ್ಟೇಡಿಯಂ ಕಟ್ಟಬಹುದು ಎಂಬ ಲೆಕ್ಕ ಬೇರೆ. ಈಗ ರೊನಾಲ್ಡೊ ಬರುತ್ತಾನಾ, ಬರುವುದಿಲ್ಲವಾ? 2023ರಲ್ಲಿ ಟೆಹರಾನ್‌ಗೆ ಬಂದಾಗ ಹೋಟೆಲಿನ ಮುಂದೆ ಜನಸಾಗರ. 2025ರ ಮಾರ್ಚ್‌ನಲ್ಲಿ ಅದೇ ಟೆಹರಾನ್‌ನ ಪಂದ್ಯಕ್ಕೆ ಅವನು ಹೋಗಲಿಲ್ಲ. ಎರಡೂ ಆಗಬಹುದು. ನಲವತ್ತು ವಯಸ್ಸಿನ ಕಾಲುಗಳಿಗೆ ಯಾವ ವಿಮಾನ ಬೇಕು, ಯಾವುದು ಬೇಡ ಎನ್ನುವುದನ್ನು ರಿಯಾಧ್‌ನಲ್ಲಿ ಕೂತವರು ನಿರ್ಧರಿಸುತ್ತಾರೆ. ಬೈನಾದಲ್ಲಿ ಕೂತ ನಾವಲ್ಲ.

ನಮ್ಮ ಓಣಿಯ ಹುಡುಗರು ಬಂದು, ಮಧ್ಯದ ಮುಖ ರೊನಾಲ್ಡೊದೇ ಇರಲಿ ಅಣ್ಣಾ ಎಂದು ದುಂಬಾಲು ಬಿದ್ದರು. ಅದರಲ್ಲೊಬ್ಬ ಗೌಂಡಿಯ ಮಗ, ಕೊಪ್ಪಳದ ಕಡೆಯವನು, ಏಳು ನಂಬರಿನ ಅಂಗಿ ಬಿಟ್ಟು ಬೇರೆ ಹಾಕುವುದಿಲ್ಲ. ಅವನ ಆಸೆ ನನಗೆ ಅರ್ಥವಾಗುತ್ತದೆ. ಅವನು ಟಿವಿಯಲ್ಲಿ ಮಾತ್ರ ಕಂಡ ಮನುಷ್ಯ ಇಲ್ಲಿಂದ ಒಂದು ಬಸ್ಸಿನ ದೂರಕ್ಕೆ ಬರಬಹುದು. ಆದರೆ ಅವತ್ತು ರೊನಾಲ್ಡೊ ಎದುರಾಳಿ. ನಮ್ಮ ಬಣ್ಣದ ಬಟ್ಟೆಯ ಮಧ್ಯೆ ಎದುರಾಳಿಯ ಮುಖ ನಾನು ಬರೆಯುವುದಿಲ್ಲ. ಅವನಿಗೆ ಪ್ರೀತಿ ತೋರಿಸಬೇಕಾದರೆ ಬೇರೆ ಹಾಳೆ ಇದೆ, ಬಣ್ಣವೂ ನಾನೇ ಕೊಡುತ್ತೇನೆ ಅಂದೆ. ಹುಡುಗ ಬಣ್ಣ ಒಯ್ದ, ಮುನಿಸೇನೂ ಇಲ್ಲ.

ಮಧ್ಯದಲ್ಲಿ ಈಗ ಕೂತಿರುವ ಮುಖ ಬ್ರೈಸನ್ ಫರ್ನಾಂಡಿಸ್‌ದು. ಗೋವಾದ ಹುಡುಗ, 2024-25ರ ಐಎಸ್‌ಎಲ್‌ನ ಉದಯೋನ್ಮುಖ ಆಟಗಾರ. ಅಕ್ಟೋಬರಿನಲ್ಲಿ ಅಷ್ಟು ದೊಡ್ಡ ತಂಡದ ಎದುರು ಅವನು ಸುರಂಗದಿಂದ ಹೊರಬಂದು ತಲೆ ಎತ್ತಿದಾಗ ಅಲ್ಲಿ ಕಾಣಬೇಕಾದದ್ದು ಅವನದೇ ಮುಖ. ಜನ ಅವತ್ತು ಬರುವುದು ಇನ್ನೊಬ್ಬನನ್ನು ನೋಡಲು ಎಂದು ಅವನಿಗೂ ಗೊತ್ತಿರುತ್ತದೆ. ಅದಕ್ಕೇ ಇದು ಇನ್ನಷ್ಟು ಬೇಕು.

ಎರಡನೇ ಮುಖ ನಮ್ಮ ಡಿಫೆಂಡರ್ ಸಂದೇಶ್ ಝಿಂಗನ್. ಗಡ್ಡ, ಜುಟ್ಟು, ಹಣೆಯ ಗೆರೆ, ಬರೆಯಲು ಖುಷಿಯ ಮುಖ. ರೇಖೆ ಮುಗಿದಿದೆ, ನೆರಳು ಬಾಕಿ. ಮೂರನೆಯದರಲ್ಲಿ ಬರೀ ಕಾಟಿಯ ತಲೆ. ಲೀಗು ತಡವಾಗಿ ಯಾರು ಎಲ್ಲಿಗೆ ಹೋದರೂ ಅದು ಉಳಿಯುತ್ತದೆ. ಚೌತಿ ಮುಗಿದ ಮೇಲೆ ಟೇಲರ್ ಮಾಮಾ ಆ ಎರಡಕ್ಕೂ ಕುಣಿಕೆ ಹಾಕಿಕೊಡುತ್ತಾರೆ. ಅಷ್ಟರೊಳಗೆ ಮಡಚಿದ ಜಾಗದಲ್ಲಿ ಕಿತ್ತಳೆ ಬಣ್ಣ ಬಿರುಕು ಬಿಡದಂತೆ ಬೈಂಡರಿನ ಪ್ರಮಾಣ ಸರಿಪಡಿಸಬೇಕು. ಕಪ್ಪು, ಬಿಳಿ ಚೆನ್ನಾಗಿ ಬಳುಕುತ್ತವೆ, ಕಿತ್ತಳೆ ಒಂದೇ ಹಟ ಹಿಡಿದಿದೆ. ನಿಮ್ಮಲ್ಲಿ ಯಾರಾದರೂ ಮಂಜರಪಾಟದ ಮೇಲೆ ಕಿತ್ತಳೆಯನ್ನು ಬಿರುಕಿಲ್ಲದೆ ಎರಡು ಮಳೆಗಾಲ ಉಳಿಸಿದ್ದರೆ ಬೈಂಡರ್ ಎಷ್ಟಕ್ಕೆ ಎಷ್ಟು ಬೆರೆಸಿದಿರಿ ಎಂದು ತಿಳಿಸಿ, ಸೆಪ್ಟೆಂಬರ್ ಮೊದಲ ವಾರ ಬಣ್ಣ ಕಲಸುತ್ತೇನೆ.