ಲಿಥಿಯಂ ತೆಗೆದುಕೊಳ್ಳುವವರು ಕೇಳಿ ತಿಳಿಯಬೇಕಾದದ್ದು

ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೂ ಒಮ್ಮೆ ಖಿನ್ನತೆಗೂ ಜಾರುವ ಬೈಪೋಲಾರ್ ಕಾಯಿಲೆಗಾಗಿ ನಾನು ಹಲವು ವರ್ಷಗಳಿಂದ ಲಿಥಿಯಂ ಕಾರ್ಬೊನೇಟ್ ತೆಗೆದುಕೊಳ್ಳುತ್ತಿದ್ದೇನೆ. ಮಾತ್ರೆಯ ಬಗ್ಗೆ ಹೆಚ್ಚು ಓದಿದರೆ ಹೆದರಿ ಬಿಟ್ಟುಬಿಡುತ್ತಾಳೆ ಎಂಬ ಆತಂಕ ಮೊದಮೊದಲು ನಮ್ಮ ಮನೆಯವರಿಗಿತ್ತು. ಅಡ್ಡಪರಿಣಾಮಗಳ ಉದ್ದ ಪಟ್ಟಿಯನ್ನು ಓದಿಯೇ ಔಷಧಿ ನಿಲ್ಲಿಸಿದವರನ್ನು ನಾನೂ ಬಲ್ಲೆನಾದ್ದರಿಂದ ಅದನ್ನು ತಳ್ಳಿಹಾಕಲಾರೆ. ಆದರೆ ವೈದ್ಯರು ನಮ್ಮನ್ನು ನೋಡುವುದು ಕೆಲವು ತಿಂಗಳಿಗೊಮ್ಮೆ, ಅದೂ ಸ್ವಲ್ಪ ಹೊತ್ತು. ನಡುವಿನ ದಿನಗಳಲ್ಲಿ ಮಂಡಿನೋವಿಗೆ ಯಾವ ಮಾತ್ರೆ ನುಂಗಬೇಕು, ಬಿಸಿಲಲ್ಲಿ ತಿರುಗಿ ಬಂದ ಮೇಲೆ ಎಷ್ಟು ನೀರು ಕುಡಿಯಬೇಕು, ವಾಂತಿಭೇದಿ ಹತ್ತಿದಾಗ ಯಾರಿಗೆ ಫೋನು ಮಾಡಬೇಕು ಎಂಬುದನ್ನೆಲ್ಲ ನಾವೇ ತೀರ್ಮಾನಿಸಬೇಕಾಗುತ್ತದೆ. ಅಷ್ಟಕ್ಕೆ ಬೇಕಾದ ತಿಳಿವಳಿಕೆ ಚಿಕಿತ್ಸೆಯ ಭಾಗವೇ ಎಂಬುದು ನನ್ನ ನಿಲುವು.

ಉನ್ಮಾದಕ್ಕೆ, ಅಂದರೆ ಈ ಕಾಯಿಲೆಯ ಅತಿ ಉತ್ಸಾಹದ ಹಂತಕ್ಕೆ, ಲಿಥಿಯಂ ಕೆಲಸ ಮಾಡುತ್ತದೆಂದು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ವರದಿ ಮಾಡಿದರು. ಇಂದಿಗೂ ಅದು ಈ ಕಾಯಿಲೆಯ ಮುಖ್ಯ ಔಷಧಿಗಳಲ್ಲಿ ಒಂದು. ಅದರ ತೊಡಕು ಇರುವುದು ಪ್ರಮಾಣದಲ್ಲಿ: ರಕ್ತದಲ್ಲಿ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇದ್ದರೆ ಗುಣ, 1.5 ದಾಟಿತೆಂದರೆ ಸಾಮಾನ್ಯವಾಗಿ ವಿಷಬಾಧೆಯ ಲಕ್ಷಣಗಳು ಆರಂಭ. ಗುಣಕ್ಕೂ ವಿಷಕ್ಕೂ ಇಷ್ಟು ಕಡಿಮೆ ಅಂತರವಿರುವುದರಿಂದಲೇ ಆಗಾಗ ರಕ್ತಪರೀಕ್ಷೆ ಬೇಕಾಗುತ್ತದೆ.

ಆ ಪರೀಕ್ಷೆಗೂ ಒಂದು ಕ್ರಮವಿದೆ. ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ ರಕ್ತ ಕೊಡಬೇಕು. ಅಂದರೆ ರಾತ್ರಿ ಒಂಬತ್ತಕ್ಕೆ ತೆಗೆದುಕೊಂಡವರು ಬೆಳಿಗ್ಗೆ ಒಂಬತ್ತಕ್ಕೆ ಕೊಟ್ಟು, ಬೆಳಗಿನ ಮಾತ್ರೆಯಿದ್ದರೆ ಅದನ್ನು ಆಮೇಲೆ ನುಂಗಬೇಕು. ಲ್ಯಾಬಿನಲ್ಲಿ ಮೊದಲು ಕೇಳುವುದು 'ಖಾಲಿ ಹೊಟ್ಟೆಯಲ್ಲಿ ಬಂದಿದ್ದೀರಾ ಮೇಡಂ?' ಎಂದು. ಲಿಥಿಯಂ ಮಟ್ಟಕ್ಕೆ ಹೊಟ್ಟೆ ಖಾಲಿಯಿರುವುದು ಮುಖ್ಯವಲ್ಲ, ಮಾತ್ರೆಯ ಹೊತ್ತು ಮುಖ್ಯ. ಅದನ್ನು ಯಾರೂ ಕೇಳದಿದ್ದರೆ ನಾವೇ ಹೇಳಿ ಚೀಟಿಯಲ್ಲಿ ಬರೆಸಬೇಕು. ಇನ್ನೂ ಒಂದು ಸಂಗತಿ ಇದೆ. ಹಸಿರು ಮುಚ್ಚಳದ ಕೆಲವು ಟ್ಯೂಬುಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವುದು ಲಿಥಿಯಂ ಹೆಪಾರಿನ್. ಅಂಥ ಟ್ಯೂಬಿಗೆ ರಕ್ತ ತೆಗೆದರೆ ನಮ್ಮ ಮೈಯಲ್ಲಿಲ್ಲದ ಲಿಥಿಯಂ ವರದಿಯಲ್ಲಿ ಕಾಣಿಸುತ್ತದೆ. ನಾನು ಇದನ್ನು ವಿಚಾರಿಸಿದಾಗ ಒಂದು ಲ್ಯಾಬಿನ ಹುಡುಗ ಕೈಯಲ್ಲಿದ್ದ ಟ್ಯೂಬನ್ನು ತಿರುಗಿಸಿ ಲೇಬಲ್ ಓದಿ, ಏನೂ ಹೇಳದೆ ಕೆಂಪು ಮುಚ್ಚಳದ್ದನ್ನು ತೆಗೆದುಕೊಂಡ. ಜೊತೆಗೆ ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್, ಥೈರಾಯ್ಡ್‌ನ ಕೆಲಸ ತಿಳಿಸುವ ಟಿಎಸ್‌ಎಚ್, ಕ್ಯಾಲ್ಸಿಯಂ ಪರೀಕ್ಷೆಗಳನ್ನೂ ಕಾಲಕಾಲಕ್ಕೆ ಮಾಡಿಸಬೇಕು, ಏಕೆಂದರೆ ಲಿಥಿಯಂ ದೀರ್ಘಕಾಲದಲ್ಲಿ ಮೂತ್ರಪಿಂಡಕ್ಕೂ ಥೈರಾಯ್ಡ್‌ಗೂ ಅದರ ಪಕ್ಕದಲ್ಲಿದ್ದು ಕ್ಯಾಲ್ಸಿಯಂ ನಿಯಂತ್ರಿಸುವ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೂ ತೊಂದರೆ ಕೊಡಬಹುದು.

ಔಷಧದಂಗಡಿಯಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಹತ್ತು ಮಾತ್ರೆ ಕೇಳಿದರೆ ಸ್ಟ್ರಿಪ್ಪನ್ನು ಕತ್ತರಿಸಿ, ಹೆಸರೂ ಅವಧಿಯ ದಿನಾಂಕವೂ ಅಂಗಡಿಯವನ ಬಳಿಯೇ ಉಳಿಯುವಂಥ ತುಂಡನ್ನು ಕೈಗಿಡುವುದುಂಟು; 'ಅದೇ ಕಂಟೆಂಟ್, ಕಂಪನಿ ಮಾತ್ರ ಬೇರೆ' ಎನ್ನುವುದೂ ಉಂಟು. ಆದರೆ 300 ಮಿಲಿಗ್ರಾಂನ ಸಾಧಾರಣ ಮಾತ್ರೆಯೂ ನಿಧಾನವಾಗಿ ಕರಗುವ 400 ಮಿಲಿಗ್ರಾಂನ ಮಾತ್ರೆಯೂ ಒಂದೇ ಅಲ್ಲ. ವೈದ್ಯರನ್ನು ಕೇಳದೆ ಒಂದರ ಬದಲು ಇನ್ನೊಂದನ್ನು ತರುವಂತಿಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳೂ, ರಕ್ತದೊತ್ತಡಕ್ಕೆ ಕೊಡುವ ಹೈಡ್ರೊಕ್ಲೋರೊಥಯಾಜೈಡ್, ಟೆಲ್ಮಿಸಾರ್ಟನ್, ಎನಲಾಪ್ರಿಲ್ ಮೊದಲಾದವೂ ಲಿಥಿಯಂ ಹೊರಹೋಗುವುದನ್ನು ತಡೆದು ರಕ್ತದಲ್ಲಿ ಅದರ ಮಟ್ಟವನ್ನು ಏರಿಸಬಲ್ಲವು. ಮೂಳೆ ವೈದ್ಯರ ಬಳಿ ಹೋದಾಗಲೂ 'ಲಿಥಿಯಂ ನಡೆಯುತ್ತಿದೆ ಸರ್' ಎಂದು ಮೊದಲ ಮಾತಿನಲ್ಲೇ ಹೇಳಬೇಕು. ಮನೋರೋಗದ ಮಾತ್ರೆಯ ಹೆಸರು ಹೇಳಲು ಸಂಕೋಚವಾಗುತ್ತದೆ, ನಿಜ. ಹೇಳದಿದ್ದರೆ ಲಿಥಿಯಂ ಅನ್ನು ಒಳಗೇ ಹಿಡಿದಿಟ್ಟುಕೊಳ್ಳಲು ಮೂತ್ರಪಿಂಡ ಸಂಕೋಚಪಡುವುದಿಲ್ಲ.

ಮೈಯಲ್ಲಿ ನೀರೂ ಉಪ್ಪೂ ಕಡಿಮೆಯಾದರೆ ಮೂತ್ರಪಿಂಡವು ಸೋಡಿಯಂ ಜೊತೆಗೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹೀಗಾಗಿ ಏಕಾದಶಿಯ ನಿರ್ಜಲ ಉಪವಾಸ, ತೂಕ ಇಳಿಸಲೆಂದು ಒಮ್ಮೆಲೇ ಉಪ್ಪು ಬಿಡುವುದು, ರಾಯಚೂರು ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ದಿನವಿಡೀ ಬೆವರುವುದು, ಇವೆಲ್ಲವೂ ಮಾತ್ರೆ ಹೆಚ್ಚಿಗೆ ನುಂಗಿದಂಥದೇ ಪರಿಣಾಮ ಕೊಡಬಲ್ಲವು. ಕೈ ಸ್ವಲ್ಪ ನಡುಗುವುದು ಅನೇಕರಿಗೆ ಮಾಮೂಲು. ಆ ನಡುಕ ಜೋರಾಗಿ, ವಾಂತಿ ಭೇದಿ ಆರಂಭವಾಗಿ, ಮಾತು ತೊದಲಿ, ನಡಿಗೆ ತೂರಾಡಿದರೆ ಮುಂದಿನ ಮಾತ್ರೆ ತೆಗೆದುಕೊಳ್ಳದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇದೊಂದು ಸಂದರ್ಭ ಬಿಟ್ಟರೆ, ಆರಾಮವಾಗಿದ್ದೇನೆಂದು ತಾನಾಗಿಯೇ ಥಟ್ಟನೆ ನಿಲ್ಲಿಸುವುದು ಕಾಯಿಲೆ ಮರುಕಳಿಸಲು ದಾರಿ. ಮಗು ಬೇಕೆನ್ನುವ ಹೆಣ್ಣುಮಕ್ಕಳಂತೂ ಗರ್ಭ ನಿಲ್ಲುವ ಮೊದಲೇ ವೈದ್ಯರೊಡನೆ ಮಾತಾಡಬೇಕು. ಇದೇ ಕಾಯಿಲೆಗೆ ಕೊಡುವ ವಾಲ್‌ಪ್ರೊಯೇಟ್ ಶಿಶುವಿನ ಬೆನ್ನುಹುರಿಯ ಬೆಳವಣಿಗೆಗೆ ಲಿಥಿಯಂಗಿಂತಲೂ ಅಪಾಯಕಾರಿ.

ಇಷ್ಟೆಲ್ಲ ಕೇಳುವುದು ಅಧಿಕಪ್ರಸಂಗವೆಂದು ಭಾವಿಸುವವರಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ನೆನಪಿಸಬಹುದು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಈ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಕಾಯಿಲೆಯ ಸ್ವರೂಪ, ಚಿಕಿತ್ಸೆ, ಅದರ ಗೊತ್ತಿರುವ ಅಡ್ಡಪರಿಣಾಮಗಳನ್ನು ನಮಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಯುವ ಹಕ್ಕು ನಮಗಿದೆ. 25ನೇ ಸೆಕ್ಷನ್ ನಮ್ಮ ವೈದ್ಯಕೀಯ ದಾಖಲೆಗಳನ್ನು ನೋಡುವ ಹಕ್ಕು ಕೊಡುತ್ತದೆ. ಹಾಗೆಂದು ಕಾಯ್ದೆಯ ಪುಸ್ತಕ ಹಿಡಿದು ಒಪಿಡಿಗೆ ಹೋಗಬೇಕಿಲ್ಲ. ಸರದಿಯಲ್ಲಿ ಇನ್ನೂ ನಲವತ್ತು ಜನ ಕಾಯುತ್ತಿರುವಾಗ ವೈದ್ಯರಿಗೂ ವ್ಯವಧಾನ ಕಡಿಮೆ. ಎರಡು ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು, ಹಳೆಯ ವರದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿಕೊಂಡು ಹೋದರೆ ಉತ್ತರ ಸಿಗುತ್ತದೆ. ನನ್ನ ಮುಂದಿನ ಭೇಟಿಯ ಚೀಟಿಯಲ್ಲಿ ಸದ್ಯಕ್ಕೆ ಒಂದೇ ಪ್ರಶ್ನೆ ಇದೆ: ಟಿಎಸ್‌ಎಚ್ ಕಳೆದ ಸಲಕ್ಕಿಂತ ಏರಿರುವುದರಿಂದ ಥೈರಾಯ್ಡ್ ಮಾತ್ರೆಯನ್ನು ಈಗಲೇ ಶುರುಮಾಡಬೇಕೋ, ಇನ್ನೊಂದು ಪರೀಕ್ಷೆಯವರೆಗೆ ಕಾಯಬಹುದೋ?